ಮೂರು ಊರು, ಒಂದೇ ಸುರಂಗ

ಕಳೆದ ಬೇಸಿಗೆ ರಜೆಗೆ ಮೊಮ್ಮಗ ಬೆಂಗಳೂರಿನಿಂದ ಬೀದರಿಗೆ ಬಂದಾಗ ಅವನ ಬ್ಯಾಗಿನಲ್ಲಿ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದಿದ್ದು ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಅದರ ಪಕ್ಕದಲ್ಲಿ ಒಂದು ಸಣ್ಣ ಚೀಲ. ಅಲುಗಾಡಿಸಿದರೆ ಕಟಕಟ ಸದ್ದು.

"ಮುತ್ಯಾ, ಇದ್ರಲ್ಲಿ ಏನಿದೆ ಹೇಳು ನೋಡೋಣ" ಎಂದ.

37 ವರ್ಷ ಬ್ಯಾಂಕಿನಲ್ಲಿ ಚಿಲ್ಲರೆ ಎಣಿಸಿದ ಕಿವಿ ನನ್ನದು. ನಾಣ್ಯವಲ್ಲ ಎಂಬುದಷ್ಟೇ ಗೊತ್ತಾಯಿತು. ಚೀಲ ಬಿಚ್ಚಿದರೆ ಬಣ್ಣಬಣ್ಣದ ದಾಳಗಳು. ನಾನು ಕಂಡಿದ್ದು ಆರು ಮುಖದ ದಾಳ ಒಂದೇ. ಇಲ್ಲಿ ನಾಲ್ಕು ಮುಖದ್ದು, ಎಂಟು, ಹತ್ತು, ಹನ್ನೆರಡು ಮುಖದ್ದು, ಕೊನೆಗೆ ಬೆಟ್ಟದ ನೆಲ್ಲಿಕಾಯಿಯಂಥ ಇಪ್ಪತ್ತು ಮುಖದ್ದು!

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಮಾಡಿದ್ದು. ಇದರಲ್ಲಿ ಎದುರಾಳಿಯನ್ನು ಸೋಲಿಸುವುದಿಲ್ಲ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ಪಾತ್ರಗಳಾಗುತ್ತಾರೆ. "ನೀನು ಕತ್ತಲ ನೆಲಮಾಳಿಗೆಗೆ ಇಳಿದಿದ್ದೀಯ. ಎದುರಿಗೆ ಬಾಗಿಲಿದೆ. ಏನು ಮಾಡ್ತೀಯ?" ಎಂದು ಅವನು ಕೇಳಿದರೆ, ಏನು ಮಾಡಬೇಕೆಂದು ನಾವೇ ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕಥೆ ಹೇಳುವವನು "ಹತ್ತಕ್ಕೆ ಬಾಗಿಲು ತೆರೆಯುತ್ತೆ" ಎಂದರೆ, ಇಪ್ಪತ್ತು ಮುಖದ ದಾಳದಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು.

ಮೊದಲ ದಿನ ನಾನು ಆಡಲಿಲ್ಲ, ತೂಕಡಿಸಿದೆ. ಪುಸ್ತಕದ ಕಥೆಯಲ್ಲಿ ಯಾವುದೋ ದೇಶದ ಕೋಟೆ, ಅದರ ಕೆಳಗೆ ನೆಲಮಾಳಿಗೆ, ಬಾಗಿಲು ಕಾಯಲು ಓರ್ಕ್ ಎಂಬ ರಕ್ಕಸರು. ಆ ರಕ್ಕಸರ ಮುಖ ನನ್ನ ಕಣ್ಣಿಗೆ ಬರಲೇ ಇಲ್ಲ. ಹುಡುಗನ ಮುಖ ಸಪ್ಪಗಾಯಿತು. ಅದನ್ನು ನೋಡಿ ನಾನೇ ಹೇಳಿದೆ: "ತಮ್ಮಾ, ಕೋಟಿ ನಮ್ಮೂರಾಗೂ ಅದ. ನೆಲದ ಕೆಳಗಿನ ದಾರಿನೂ ಅದ. ನಿನ್ನ ಆಟ ಅಲ್ಲಿಗಿ ತಗೊಂಡು ಹೋಗಲಿಕ್ಕಿ ಬರ್ತದೇನು?"

ಅವನಿಗೆ ಅದು ಹೊಸ ಮಾತೇನೂ ಅಲ್ಲ. ಒಂದು ನಿಯಮದ ಪುಸ್ತಕಕ್ಕೆ ಬರೆದ ಸಾಹಸವನ್ನು ಇನ್ನೊಂದು ನಿಯಮಕ್ಕೆ ಹೊಂದಿಸಿಕೊಂಡು ಆಡುವವರು ಬೇಕಾದಷ್ಟು ಜನ ಇದ್ದಾರಂತೆ. ಕಥೆಯ ಬೆನ್ನೆಲುಬು ಹಾಗೇ ಇರಬೇಕು, ಕೈಕಾಲು ಬದಲಾದರೆ ಅಡ್ಡಿಯಿಲ್ಲ.

ಮರುದಿನ ಬೆಳಿಗ್ಗೆಯೇ ಕೋಟೆಗೆ ನಡೆದೆವು. ಬಹಮನಿ ಸುಲ್ತಾನ ಅಹ್ಮದ್ ಶಾಹ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದಿದ್ದು 15ನೇ ಶತಮಾನದಲ್ಲಿ. ಕೆಂಪು ಜಂಬಿಟ್ಟಿಗೆ ಕಲ್ಲನ್ನೇ ಕೊರೆದು ಮಾಡಿದ ಕಂದಕ ನೋಡಿ ಹುಡುಗ ಬಾಯಿ ತೆರೆದು ನಿಂತ. ಶಾರ್ಜಾ ದರ್ವಾಜಾದ ನೆತ್ತಿಯಲ್ಲಿ ಎರಡು ಹುಲಿಗಳ ಕೆತ್ತನೆಯಿದೆ. "ಓರ್ಕ್‌ಗಳ ಕೆಲಸ ಹೋಯ್ತು. ಬಾಗಿಲು ಕಾಯೋದು ಇವೇ" ಎಂದು ಬರೆದುಕೊಂಡ.

ಸಂಜೆ ಝರಣಿ ನರಸಿಂಹನ ಗುಹೆಗೆ ಹೋದೆವು. ಅಲ್ಲಿ ದೇವರ ದರ್ಶನಕ್ಕೆ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕು, ಮೇಲೆ ಬಾವಲಿಗಳು ತೂಗಾಡುತ್ತಿರುತ್ತವೆ. ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ಇನ್ನೊಂದು ದಿನ ನೌಬಾದಿನ ಕಡೆ ಹೋಗಿ ಕರೇಜ್ ತೋರಿಸಿದೆ. ನಮ್ಮ ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಇದು ಪರ್ಷಿಯಾದಿಂದ ಬಂದ ವಿದ್ಯೆ. ಎತ್ತರದ ಕಡೆ ಒಂದು ತಾಯಿಬಾವಿ, ಅಲ್ಲಿಂದ ನೆಲದೊಳಗೇ ಸ್ವಲ್ಪ ಸ್ವಲ್ಪ ಇಳಿಜಾರಾಗಿ ಸುರಂಗ, ನಡುನಡುವೆ ಗಾಳಿ ಬೆಳಕಿಗೆ ಬಾವಿಯಂಥ ಕಿಂಡಿಗಳು. ನೀರು ತಾನೇ ಹರಿದು ಬಂದು ಇಳಿಜಾರಿನ ತುದಿಯಲ್ಲಿ ಹೊರಬೀಳುತ್ತದೆ. ಏತ ಬೇಡ, ಪಂಪು ಬೇಡ.

ಹಳೆಯ ಕ್ಯಾಲೆಂಡರಿನ ಹಿಂಬದಿ ನಮ್ಮ ನಕ್ಷೆಯಾಯಿತು. ಸಾಹಸಿಗಳು ಹುಲಿ ಬಾಗಿಲಲ್ಲಿ ಒಗಟು ಬಿಡಿಸಬೇಕು. ಬಾವಲಿಗಳಿಗೆ ಎಚ್ಚರವಾಗದಂತೆ ನೀರು ದಾಟಬೇಕು. ಸುರಂಗದ ಕವಲಿನಲ್ಲಿ ಸರಿದಾರಿ ಹಿಡಿಯಬೇಕು. ಹೊರಬೀಳುವ ಜಾಗದ ಹತ್ತಿರದ ಕೋಣೆಯಲ್ಲಿ ಮೂರು ಪೆಟ್ಟಿಗೆಗಳು. ಒಂದು ಮಾತ್ರ ನಿಜವಾದ ಬಿದ್ರಿ ಪೆಟ್ಟಿಗೆ. ಗುರುತಿಸುವುದು ಹೇಗೆ? ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಹಳೆಯ ಮಣ್ಣು ಕಲಸಿದ ಬಿಸಿ ದ್ರಾವಣದಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆದ್ದರಿಂದ ಹೊರಡುವಾಗಲೇ ಒಂದು ಹಿಡಿ ಕೋಟೆ ಮಣ್ಣು ಕಟ್ಟಿಕೊಂಡವರೇ ಜಾಣರು.

ಈ ಸಲ ನಾನು ತೂಕಡಿಸಲಿಲ್ಲ. ರಾತ್ರಿ ಹತ್ತೂವರೆಗೆ ಮನೆಯವಳು ಬಂದು ದೀಪ ಆರಿಸಬೇಕಾಯಿತು.

*

ಮುಂದಿನ ವಾರ ಔರಾದಿಗೆ ಮಗಳ ಮನೆಗೆ ಹೋದೆವು. ಔರಾದ್ ನಮ್ಮ ರಾಜ್ಯದ ಉತ್ತರದ ತುದಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಓಣಿಯ ಏಳು ಮಕ್ಕಳು ಪಡಸಾಲೆಯಲ್ಲಿ ಸುತ್ತಲೂ ಕುಳಿತರು. ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತಿತ್ತು.

ಆಟ ಹತ್ತು ನಿಮಿಷಕ್ಕೇ ಮುರಿದುಬಿತ್ತು. ಇಪ್ಪತ್ತು ಮುಖದ ದಾಳ ಒಂದೇ. ಅದು ಒಬ್ಬನ ಕೈ ಸೇರಿದರೆ ಉಳಿದ ಆರು ಮಂದಿ ಜಗಳ. ಅದಕ್ಕಿಂತ ದೊಡ್ಡ ತೊಂದರೆ, ಒಂದನೇ ಇಯತ್ತೆಯ ಹುಡುಗಿ ಮೊದಲ ಬಾಗಿಲಲ್ಲೇ ಸೋತಳು. "ಹುಲಿ ನಿನ್ನನ್ನ ತಿಂತು. ನೀನು ಔಟ್" ಎಂದ ನಮ್ಮ ಹುಡುಗ, ಪುಸ್ತಕದಲ್ಲಿ ಇದ್ದ ಹಾಗೆ. ಅವಳ ಕಣ್ಣು ತುಂಬಿದವು. "ಸತ್ತವರು ಊಟಕ್ಕೂ ಬರಬಾರದೇನು?" ಎಂದು ಕೇಳಿದಳು. ಒಳಗೆ ಭಜ್ಜಿ ಕರಿಯುವ ವಾಸನೆ ಬರುತ್ತಿತ್ತು.

ಆ ರಾತ್ರಿ ಅಜ್ಜ ಮೊಮ್ಮಗ ಕುಳಿತು ನಿಯಮ ತಿದ್ದಿದೆವು. ಯಾರೂ ಸಾಯುವುದಿಲ್ಲ. ಪ್ರತಿಯೊಬ್ಬರಿಗೂ ಕಂದೀಲಿಗೆ ಮೂರು ಅಳತೆ ಎಣ್ಣೆ. ಅದಕ್ಕೆ ಮೂರು ಹುಣಸೆ ಬೀಜ. ಸೋತರೆ ಒಂದು ಬೀಜ ಕೊಡಬೇಕು. ಗೆಳೆಯರು ತಮ್ಮ ಬೀಜವನ್ನು ಸಾಲ ಕೊಡಬಹುದು. (ಸಾಲದ ಲೆಕ್ಕ ಬರೆಯುವ ಕೆಲಸ ನನಗೇ ಬಂತು.) ಎಲ್ಲರ ಎಣ್ಣೆಯೂ ತೀರಿದರೆ ಮಾತ್ರ ಎಲ್ಲರೂ ಕೋಟೆ ಬಾಗಿಲಿಗೆ ವಾಪಸ್. ದಾಳಕ್ಕೆ ಮನೆಮನೆಯ ಲೂಡೊ ಡಬ್ಬಿಯಿಂದ ಆರು ಮುಖದ್ದು. ಸುಲಭದ ಕೆಲಸಕ್ಕೆ ಮೂರು ಬಿದ್ದರೆ ಸಾಕು, ಕಷ್ಟದ್ದಕ್ಕೆ ಐದು ಬೀಳಬೇಕು.

ಮರುದಿನ ಹುಲಿಯ ಒಗಟಿಗೆ ಒಬ್ಬ ಹುಡುಗ ಮರಾಠಿಯಲ್ಲಿ ಉತ್ತರ ಹೇಳಿದ. ಹೌದು ಎನ್ನಬೇಕೋ ಅಲ್ಲ ಎನ್ನಬೇಕೋ ನಮ್ಮವನಿಗೆ ತಿಳಿಯಲಿಲ್ಲ. ಅಡುಗೆಮನೆಯಿಂದ ಮಗಳು ಕೂಗಿದಳು: "ಇಲ್ಲಿ ಹುಲಿಗೋಳಿಗಿ ಎರಡೂ ಬರ್ತಾವ!" ಒಂದನೇ ಇಯತ್ತೆಯ ಹುಡುಗಿ ಕಡೆಯವರೆಗೂ ಇದ್ದಳು. ನಿಜವಾದ ಪೆಟ್ಟಿಗೆಗೆ ಮಣ್ಣು ಹಚ್ಚಿದ್ದೂ ಅವಳೇ.

*

ಇನ್ನು ಭಾಲ್ಕಿ. ಅಲ್ಲಿ ನನ್ನ ಅಕ್ಕ ಇದ್ದಾಳೆ. ನನಗಿಂತ ಎಂಟು ವರ್ಷ ದೊಡ್ಡವಳು. ನನಗೆ ಒಂದು ಎರಡು ಕಲಿಸಿದ್ದು ಶಾಲೆಯಲ್ಲ, ಅಕ್ಕನ ಚೌಕಾಬಾರ. ಗ್ಲಾಕೋಮಾ ಎಂಬ ರೋಗದಿಂದ ಅವಳ ಕಣ್ಣಿನ ನರ ಒಣಗಿ ಮೂರು ವರ್ಷವಾಯಿತು. ಹೋದ ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರರು ಹೇಳಿದ ಮೇಲೆ ಅವಳು ಜನರ ನಡುವೆ ಕೂರುವುದನ್ನೇ ಬಿಟ್ಟಳು. ಊಟವೂ ಒಬ್ಬಳೇ. ಯಾರಾದರೂ ಬಂದರೆ "ಅರಾಮ ಇದ್ದೀನಿ" ಎಂದು ಗೋಡೆಯ ಕಡೆ ತಿರುಗುವಳು.

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ಬೀದರಿನಿಂದ ಭಾಲ್ಕಿ ಬಸ್ಸಿಗೆ ಒಂದು ತಾಸಿನ ದಾರಿ. ಆದರೂ ನಾನು ಹೋಗುವುದು ಕಡಿಮೆ ಮಾಡಿದ್ದೆ. ಫೋನಿನಲ್ಲಿ ಎರಡು ಮಾತಾಡಿ ಮುಗಿಸುತ್ತಿದ್ದೆ. ಅವಳ ಎದುರು ಸುಮ್ಮನೆ ಕುಳಿತಿರುವುದು ನನ್ನಿಂದ ಆಗುತ್ತಿರಲಿಲ್ಲ.

"ಭಾಲ್ಕಿ ಆಯಿಗೂ ಆಡಿಸೋಣ" ಎಂದವನು ಮೊಮ್ಮಗ. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ.

ಬಸ್ಸಿನಲ್ಲಿ ನಾನು ನಿಯಮ ಬದಲಿಸಲು ಕುಳಿತೆ. ಅಕ್ಕ ನಕ್ಷೆ ನೋಡಲಾರಳು, ದಾಳದ ಮೇಲಿನ ಅಂಕಿ ಓದಲಾರಳು. ಆದರೆ ಕವಡೆ ಅಂಗಾತ ಬಿದ್ದಿದೆಯೋ ಬೋರಲು ಬಿದ್ದಿದೆಯೋ ಬೆರಳಿಗೆ ಗೊತ್ತಾಗುತ್ತದೆ. ನಾಲ್ಕು ಕವಡೆ. ಎಷ್ಟು ಅಂಗಾತವೋ ಅಷ್ಟು ಲೆಕ್ಕ. ನಾಲ್ಕೂ ಅಂಗಾತವಾದರೆ ಚೌಕಾ, ನಾಲ್ಕೂ ಬೋರಲಾದರೆ ಎಂಟು. ದಾಳದಲ್ಲಿ ಹೆಚ್ಚೆಂದರೆ ಇಪ್ಪತ್ತು, ಕವಡೆಯಲ್ಲಿ ಹೆಚ್ಚೆಂದರೆ ಎಂಟು. ಆದ್ದರಿಂದ ಹತ್ತು ಬೇಕಾದಲ್ಲಿ ನಾಲ್ಕು, ಹದಿನೈದು ಬೇಕಾದಲ್ಲಿ ಆರು ಎಂದು ಟಿಕೆಟಿನ ಹಿಂದೆ ಬರೆದುಕೊಂಡೆ. ಬಿ.ಕಾಂ. ಓದಿದವನ ಲೆಕ್ಕ!

ದಾರಿಯಲ್ಲಿ ಹುಡುಗನಿಗೆ ಒಂದು ಸಂಗತಿ ಹೇಳಿದೆ. ನಿಜಾಮರ ಆಡಳಿತದಲ್ಲಿ ಶಾಲೆ ಎಂದರೆ ಉರ್ದು. ಆಗ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಈ ಕಥೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. "ಅಂದ್ರೆ ರೂಲ್ಸ್ ಬೇರೆ, ಕಥೆ ಅದೇ" ಎಂದ ಹುಡುಗ. ಹೋಲಿಕೆ ಪೂರ್ತಿ ಸರಿಯಲ್ಲ, ಆದರೂ ತಲೆಯಾಡಿಸಿದೆ.

ಅಕ್ಕ ಮೊದಲು ಒಪ್ಪಲಿಲ್ಲ. "ಕುಡ್ಡಿ ಸಂಗಟ ಏನ ಆಡ್ತೀರಿ?" ಎಂದಳು. ಹುಡುಗ ಏನೂ ಹೇಳದೆ ಅವಳ ಅಂಗೈಯಲ್ಲಿ ಕವಡೆ ಇಟ್ಟ. ಅವಳ ಹಳೆಯ ಕವಡೆಗಳೇ. ಸೊಸೆ ಹುಡುಕಿ ತೆಗೆದುಕೊಟ್ಟಿದ್ದಳು. ಅಕ್ಕ ಒಂದೊಂದನ್ನೇ ಬೆರಳಿನಿಂದ ಸವರಿ, "ಇದರ ಹಲ್ಲು ಮುರದದ ನೋಡು. ನೀನೇ ಒಗದು ಮುರದಿದ್ದಿ" ಎಂದು ನನ್ನ ಕಡೆ ಮುಖ ಮಾಡಿದಳು. 60 ವರ್ಷದ ಹಿಂದಿನ ಮಾತು.

ಆಟ ಶುರುವಾಯಿತು. ಹುಡುಗ ಕಥೆ ಹೇಳುತ್ತಾ ಹೋದ. ಹುಲಿಯ ಒಗಟನ್ನು ಅಕ್ಕ ಅವನು ಹೇಳಿ ಮುಗಿಸುವ ಮೊದಲೇ ಬಿಡಿಸಿದಳು. ಆಮೇಲೆ ಬಾಗಿಲು ದೂಡಬೇಕು. ನನ್ನ ಲೆಕ್ಕದಂತೆ ನಾಲ್ಕು ಬೀಳಬೇಕು. ಎರಡು ಬಿತ್ತು. ಮತ್ತೆ ಎರಡು. ಒಂದು. ಮೂರು. ಎರಡು. ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಹುಡುಗ ನನ್ನ ಮುಖ ನೋಡಿದ.

ಅಕ್ಕ ಕವಡೆಗಳನ್ನು ಕೆಳಗಿಟ್ಟಳು. "ತಮ್ಮಾ, ಈ ಲೆಕ್ಕಾ ಯಾರ ಮಾಡಿದ್ರು?"

"ನಾನೇ, ಅಕ್ಕಾ."

"ಬ್ಯಾಂಕಿನಾಗ ನಿನಗ ಹ್ಯಾಂಗ ಇಟಗೊಂಡಿದ್ರೋ! ಚೌಕಾ ಮತ್ತ ಎಂಟು ದಿನಾ ಬೀಳ್ತಾವೇನು? ಕವಡಿಗಿ ಎರಡೇ ಪ್ರೀತಿ."

ಅವಳು ಹೇಳಿದ್ದು ಖರೆ. ಕಾಗದ ತೆಗೆದು ಹುಡುಗನ ಜೊತೆ ಲೆಕ್ಕ ಮಾಡಿದೆ. ಮಕ್ಕಳೇ, ನೀವೂ ಮಾಡಿ ನೋಡಿ. ಒಂದು ಕವಡೆ ಎರಡು ರೀತಿ ಬೀಳಬಹುದು. ನಾಲ್ಕು ಕವಡೆ ಸೇರಿದರೆ 2×2×2×2, ಅಂದರೆ 16 ರೀತಿ. ನಮ್ಮ ಕಾಲದಲ್ಲಿ ರೂಪಾಯಿಗೆ 16 ಆಣೆ. ಆ 16 ರೀತಿಗಳನ್ನು ಒಂದು ರೂಪಾಯಿ ಎಂದುಕೊಳ್ಳಿ. ಒಂದು ಬೀಳುವುದು 4 ಆಣೆ, ಎರಡು ಬೀಳುವುದು 6 ಆಣೆ, ಮೂರು 4 ಆಣೆ, ಚೌಕಾ 1 ಆಣೆ, ಎಂಟು 1 ಆಣೆ. ಇಪ್ಪತ್ತು ಮುಖದ ದಾಳದಲ್ಲಾದರೆ ಒಂದೊಂದು ಮುಖಕ್ಕೂ ಸಮ ಪಾಲು, 100 ಪೈಸೆಯಲ್ಲಿ 5 ಪೈಸೆ. (ಕವಡೆ ದಾಳದಷ್ಟು ಸಮನಾಗಿರುವುದಿಲ್ಲ, ಒಂದೊಂದು ಒಂದೊಂದು ಕಡೆ ವಾಲುತ್ತದೆ. ಅಂದಾಜಿಗೆ ಈ ಲೆಕ್ಕ ಸಾಕು.)

ಈಗ ನನ್ನ ತಪ್ಪು ನೋಡಿ. ದಾಳದಲ್ಲಿ "ಹತ್ತು ಅಥವಾ ಹೆಚ್ಚು" ಎಂದರೆ 11 ಮುಖ, 55 ಪೈಸೆ. ಅದನ್ನು ನಾನು "ನಾಲ್ಕು ಅಥವಾ ಹೆಚ್ಚು" ಮಾಡಿದ್ದೆ. ಅದು ಬರೀ 2 ಆಣೆ, ಹನ್ನೆರಡೂವರೆ ಪೈಸೆ. ಅರ್ಧಕ್ಕಿಂತ ಹೆಚ್ಚು ಸಲ ತೆರೆಯಬೇಕಾದ ಬಾಗಿಲು ಎಂಟು ಸಲದಲ್ಲಿ ಒಮ್ಮೆ ತೆರೆಯುವಂತಾಗಿತ್ತು. ಅಂಕಿಯನ್ನು ಅಂಕಿಗೆ ಬದಲಿಸಿದ್ದೆ, ಅದರ ಬೆಲೆಯನ್ನು ನೋಡಿರಲಿಲ್ಲ. 1957ರಲ್ಲಿ ಆಣೆ ಹೋಗಿ ನಯಾ ಪೈಸೆ ಬಂದಾಗ ಅಂಗಡಿಗಳಲ್ಲಿ ಇಂಥದೇ ಜಗಳ ನಡೆಯುತ್ತಿತ್ತೆಂದು ನಮ್ಮ ತಂದೆ ಹೇಳುತ್ತಿದ್ದರು.

ಹೊಸ ಲೆಕ್ಕ ಹೀಗಾಯಿತು. ಸಾಧಾರಣ ಬಾಗಿಲಿಗೆ ಎರಡು ಅಥವಾ ಹೆಚ್ಚು, ಅಂದರೆ 12 ಆಣೆ, 75 ಪೈಸೆ. ಗಟ್ಟಿ ಬಾಗಿಲಿಗೆ ಮೂರು ಅಥವಾ ಹೆಚ್ಚು, 6 ಆಣೆ. ಬಲು ಕಷ್ಟದ್ದಕ್ಕೆ ಮಾತ್ರ ಚೌಕಾ ಅಥವಾ ಎಂಟು. 55 ಪೈಸೆಗೆ ಸರಿಯಾದ ಕವಡೆ ಲೆಕ್ಕ ಸಿಗಲೇ ಇಲ್ಲ. 20 ಪೈಸೆ ಹೆಚ್ಚಾಯಿತೆಂದು ಹುಡುಗ ಪೇಚಾಡಿದ. ಬ್ಯಾಂಕಿನಲ್ಲಾಗಿದ್ದರೆ ಆ ವ್ಯತ್ಯಾಸ ಸಿಗುವವರೆಗೆ ನಾನು ಮನೆಗೆ ಹೋಗುತ್ತಿರಲಿಲ್ಲ. ಅಕ್ಕ ಒಂದೇ ಮಾತಿಗೆ ಮನ್ನಾ ಮಾಡಿದಳು: "ಬಾಗಲಾ ತೆರದ್ರೇ ಕಥಿ ಮುಂದ ಹೋಗ್ತದ. ಇರಲಿ ಬಿಡು." ಚೌಕಾಬಾರದಲ್ಲಿದ್ದಂತೆ ಚೌಕಾ ಅಥವಾ ಎಂಟು ಬಿದ್ದರೆ ಇನ್ನೊಂದು ಸಲ ಹಾಕಬಹುದು ಎಂಬ ನಿಯಮವನ್ನು ಅವಳೇ ಸೇರಿಸಿದಳು. ಕಟ್ಟಿಮನೆಯಲ್ಲಿ ನಿಂತವರನ್ನು ಯಾರೂ ಹೊಡೆಯುವಂತಿಲ್ಲ ಎಂದೂ ಹೇಳಿ ನಮ್ಮ ನಕ್ಷೆಯಲ್ಲಿ ಎರಡು ಕಟ್ಟಿಮನೆ ಹಾಕಿಸಿದಳು.

ಬಾವಲಿಗಳ ನೀರಿಗೆ ಬಂದಾಗ ಅಕ್ಕ ನಕ್ಕಳು. "ನಿಮ್ಮ ಮುತ್ಯಾಗ ಝರಣಿಯೊಳಗ ನಾನೇ ಕೈ ಹಿಡದು ಕರಕೊಂಡು ಹೋಗಿದ್ದೆ. ಕಣ್ಣ ಮುಚಗೊಂಡು ಅಳತಿದ್ದ." ಹುಡುಗನಿಗೆ ಆಟಕ್ಕಿಂತ ಅದೇ ಹೆಚ್ಚು ಖುಷಿ ಕೊಟ್ಟಿತು.

ಸುರಂಗದ ಕವಲಿನಲ್ಲಿ ಮೂವರ ಎಣ್ಣೆಯೂ ತೀರಿತು. ಔರಾದಿನ ನಿಯಮದಂತೆ ಎಲ್ಲರೂ ಬಾಗಿಲಿಗೆ ವಾಪಸ್. "ಕತ್ತಲೆ, ಆಯಿ. ಏನೂ ಕಾಣಲ್ಲ. ಆಟ ಮುಗೀತು" ಎಂದ ಹುಡುಗ. ಅಂದ ಮೇಲೆ ಯಾರಿಗೆ ಹೇಳಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ.

ಅಕ್ಕ ಬೇಸರ ಮಾಡಿಕೊಳ್ಳಲಿಲ್ಲ. "ಕಾಣಲಿಲ್ಲಂದ್ರ ಏನಾಯ್ತು? ಕಾಲಾಗ ನೀರದ ಅಲ್ಲಾ, ಯಾ ಕಡಿಗಿ ಹರಿಲತದ?"

ಹುಡುಗ ನಕ್ಷೆ ನೋಡಿದ. "ಬಲಗಡೆಗೆ."

"ನೀರಿನ ಸಂಗಟ ನಡಿ. ನೀರು ಹೊರಗ ಹೋಗೇ ಹೋಗ್ತದ. ಗ್ವಾಡಿ ಮ್ಯಾಲ ಒಂದು ಕೈ ಇಡು, ಹೆಜ್ಜಿ ಎಣಿಸು. ನಾ ಪಡಸಾಲಿಯಿಂದ ಅಡಗಿಮನಿಗಿ ಹಾಂಗೇ ಹೋಗ್ತೀನಿ. ಹದಿನಾಲ್ಕು ಹೆಜ್ಜಿ."

ಮೂರು ವರ್ಷದಿಂದ ನನ್ನ ಅಕ್ಕ ಹೆಜ್ಜೆ ಎಣಿಸುತ್ತಿದ್ದಳು. ಅದು ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಹುಡುಗ ಪೆನ್ನು ತೆಗೆದು ನಿಯಮದ ಕೊನೆಗೆ ಒಂದು ಸಾಲು ಬರೆದ. ಎಣ್ಣೆ ತೀರಿದರೂ, ಕತ್ತಲಲ್ಲಿ ಹೇಗೆ ನಡೆಯುತ್ತೇನೆಂದು ಸರಿಯಾಗಿ ಹೇಳಿದವರು ಮುಂದೆ ಹೋಗಬಹುದು, ಕವಡೆ ಹಾಕುವುದೂ ಬೇಡ. ಅದಕ್ಕೆ "ಆಯಿ ನಿಯಮ" ಎಂದು ಹೆಸರಿಟ್ಟ. ಔರಾದಿನ ಮಕ್ಕಳಿಗೂ ಫೋನು ಮಾಡಿ ತಿಳಿಸಿದ.

ಆ ರಾತ್ರಿ ಅಕ್ಕ ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕುಳಿತಳು. ಹುಡುಗ ಅವಳ ತಾಟಿನಲ್ಲಿ ಯಾವುದು ಎಲ್ಲಿದೆ ಎಂದು ಗಡಿಯಾರದ ಲೆಕ್ಕದಲ್ಲಿ ಹೇಳಿದ: ಹನ್ನೆರಡಕ್ಕೆ ಪಲ್ಯ, ಮೂರಕ್ಕೆ ಚಟ್ನಿ, ಆರಕ್ಕೆ ರೊಟ್ಟಿ.

*

ಓದುವ ಮಕ್ಕಳಿಗೆ ಒಂದು ಮಾತು. ಇಂಥ ಆಟಕ್ಕೆ ದುಬಾರಿ ಪುಸ್ತಕವೇ ಬೇಕೆಂದಿಲ್ಲ. ನಿಮ್ಮೂರಿನ ಕೋಟೆ, ಗುಡ್ಡ, ಹಳೆಯ ಬಾವಿ ಯಾವುದಾದರೂ ಆಗುತ್ತದೆ. ನಾಲ್ಕೈದು ಕೋಣೆ, ಒಂದು ಒಗಟು, ಹುಡುಕಲು ಒಂದು ವಸ್ತು ಇದ್ದರೆ ಸಾಕು. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಸೀಳಿ ಒಂದು ಮಗ್ಗುಲು ಬಿಳಿ ಮಾಡಿಕೊಳ್ಳಿ. ನಿಜವಾದ ಸುರಂಗಕ್ಕೆ, ಬಾವಿಗೆ ಮಾತ್ರ ನೀವಾಗಿ ಇಳಿಯಬೇಡಿ. ಅದು ಕಾಗದದ ಮೇಲೆಯೇ ಚೆನ್ನ.

ರಜೆ ಮುಗಿದು ಹುಡುಗ ಬೆಂಗಳೂರಿಗೆ ಹೋದ. ಆಟ ನಿಂತಿಲ್ಲ. ಪ್ರತಿ ಭಾನುವಾರ ನಾನು ಭಾಲ್ಕಿ ಬಸ್ಸು ಹಿಡಿಯುತ್ತೇನೆ, ಅವನು ಫೋನಿನಲ್ಲಿ ಕಥೆ ಹೇಳುತ್ತಾನೆ. ಅವನಿಗೂ ಕೇಳಲಿ ಎಂದು ಅಕ್ಕ ಸ್ಟೀಲಿನ ತಾಟಿನಲ್ಲಿ ಕವಡೆ ಹಾಕುತ್ತಾಳೆ. ಸವರಿ ನೋಡಿ ಎಷ್ಟೆಂದು ಹೇಳುತ್ತಾಳೆ. ಮೂರೂ ಪೆಟ್ಟಿಗೆಗಳ ಮುಂದೆ ಬಂದು ನಿಂತಿದ್ದಾಳೆ. ಹೊರಡುವಾಗ ಮಣ್ಣು ಕಟ್ಟಿಕೊಳ್ಳುವುದನ್ನು ಮಾತ್ರ ಮರೆತಿದ್ದಾಳೆ.

ಮೊನ್ನೆ ನಾನು ಜಗಲಿಗೆ ಎದ್ದು ಹೋದಾಗ ಹುಡುಗ ಗುಟ್ಟಾಗಿ ಕೇಳಿದ: "ಮುತ್ಯಾ, ಆಯಿ ಸುಳ್ಳು ಲೆಕ್ಕ ಹೇಳಿದ್ರೆ ನಂಗೆ ಗೊತ್ತಾಗಲ್ವಲ್ಲ?"

"ಹೋದ ವಾರ ಕಡೀ ಎಣ್ಣಿ ಉಳದಿತ್ತು. ಅವಾಗ ಏನ ಬಿತ್ತಂತ ಹೇಳಿದ್ದಳು?" ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿ, "ಒಂದು" ಎಂದ.

ಒಳಗಿನಿಂದ ಅಕ್ಕ ತಾಟು ಬಡಿದಳು. ಮಣ್ಣಿಗಾಗಿ ಕೋಟೆಗೆ ವಾಪಸ್ ಹೋಗುತ್ತಾಳಂತೆ, ಹುಲಿಗಳನ್ನು ಮತ್ತೆ ಎಬ್ಬಿಸಬೇಕಂತೆ.